ಪದೇ ಪದೇ ಉಳುಕುವ ಕಾಲು

ಫುಟ್‌ಬಾಲ್ ಆಡಿ ಬಂದ ನಿಮ್ಮ ಮಗು ಮತ್ತೆ ಮತ್ತೆ ಕಾಲು ಉಳುಕಿಸಿಕೊಳ್ಳುತ್ತಿದೆಯೇ? ಊರಿಗೆ ಫೋನ್ ಮಾಡಿದರೆ ಅಜ್ಜಿ “ಬೆಳೆಯೋ ನೋವು, ಎಣ್ಣೆ ಹಚ್ಚು” ಅನ್ನುತ್ತಾರೆ. ಹಚ್ಚಿ, ತಪ್ಪಿಲ್ಲ. ಆದರೆ ಒಮ್ಮೆ ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಸಾಮಾನ್ಯ ಚಪ್ಪಟೆ ಪಾದವಾದರೆ ಆಗ ಕಮಾನು ಮೂಡುತ್ತದೆ, ಹಿಮ್ಮಡಿ ಒಳಕ್ಕೆ ವಾಲುತ್ತದೆ. ಹಲಗೆಯ ಹಾಗೆ ಬಿಗಿಯಾಗೇ ಇದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ನಾನು ವೈದ್ಯೆಯಲ್ಲ, ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇದನ್ನು ಕಲಿತದ್ದು ಮಗಳ ಪಾದದಿಂದ. ಟಾರ್ಸಲ್ ಕೊಯಲಿಷನ್ ಅಂದರೆ ಪಾದದ ಹಿಂಭಾಗದ ಎರಡು ಮೂಳೆಗಳು ಗರ್ಭದಲ್ಲೇ ಪೂರ್ತಿ ಬೇರೆಯಾಗದೆ ಉಳಿದಿರುವುದು. ಹಾಗಾದರೆ ಇಷ್ಟು ವರ್ಷ ನೋವು ಯಾಕಿರಲಿಲ್ಲ? ನಡುವಿನ ಸೇತುವೆ ಮೊದಲು ಮೆತ್ತಗಿದ್ದು ಬಾಗುತ್ತದೆ. ಹಿಮ್ಮಡಿ ಮೂಳೆಗೂ ಮುಂದಿನ ನಾವಿಕ್ಯುಲರ್ ಮೂಳೆಗೂ ನಡುವಿನದು ಸುಮಾರು 8ರಿಂದ 12ನೇ ವಯಸ್ಸಿನಲ್ಲಿ ಗಟ್ಟಿಯಾಗುತ್ತದೆ. ಹಿಮ್ಮಡಿಗೂ ಮೇಲಿನ ಟೇಲಸ್‌ಗೂ ನಡುವಿನದು ಇನ್ನೂ ತಡವಾಗಿ, 12ರಿಂದ 16ರೊಳಗೆ. ಆಮೇಲೆ ಪಾದ ಅಕ್ಕಪಕ್ಕ ವಾಲಲಾರದು, ಏರುತಗ್ಗಿನ ನೆಲದಲ್ಲಿ ಉಳುಕುತ್ತದೆ.

ನಮಗೆ ಮೊದಲ ಎಕ್ಸ್-ರೇ “ನಾರ್ಮಲ್” ಎಂದು ಬಂತು. ಆರು ತಿಂಗಳು ಸುಮ್ಮನಿದ್ದೆವು, ಅದಕ್ಕೆ ಇಂದಿಗೂ ಬೇಜಾರಿದೆ. ಮಗಳಿಗಿದ್ದ ಬಗೆಯ ಸೇತುವೆ ಓರೆಯಾಗಿ ತೆಗೆದ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ನೀವು ಅದನ್ನು ಕೇಳಿ ತೆಗೆಸಿ. ಇನ್ನೊಂದು ಬಗೆಗೆ ಸಿ.ಟಿ. ಸ್ಕ್ಯಾನ್ ಬೇಕಾಗಬಹುದು.

ಗೊತ್ತಾದ ತಕ್ಷಣ ಸರ್ಜರಿಯಲ್ಲ. ಮೊದಲು ವಿಶ್ರಾಂತಿ, ಶೂ ಒಳಗಿನ ಆಧಾರ, ಕೆಲವು ವಾರ ಪ್ಲಾಸ್ಟರ್ ಅಥವಾ ಬೂಟು. ಎಷ್ಟೋ ಮಕ್ಕಳಿಗೆ ಇಷ್ಟೇ ಸಾಕು. ನಮ್ಮವಳಿಗೆ ಸಾಕಾಗಲಿಲ್ಲ.

ಸರ್ಜರಿಯಲ್ಲಿ ಆ ಸೇತುವೆಯನ್ನು ಕತ್ತರಿಸಿ ತೆಗೆಯುತ್ತಾರೆ. ಖಾಲಿ ಜಾಗದಲ್ಲಿ ಮಗುವಿನದೇ ಕೊಬ್ಬನ್ನೋ ಪಕ್ಕದ ಸ್ನಾಯುವನ್ನೋ ತುಂಬುತ್ತಾರೆ. ಇಲ್ಲದಿದ್ದರೆ ಮೂಳೆ ಮತ್ತೆ ಬೆಳೆದು ಕೂಡಿಕೊಳ್ಳಬಹುದು. ಕೀಲು ಆಗಲೇ ಸವೆದಿದ್ದರೆ, ಸೇತುವೆ ತುಂಬಾ ದೊಡ್ಡದಿದ್ದರೆ, ಕೀಲನ್ನೇ ಪೂರ್ತಿ ಬೆಸೆಯಬೇಕಾಗಬಹುದು. ಬೆಸುಗೆಗೆ ಬೆಸುಗೆಯೇ ಮದ್ದು, ವಿಚಿತ್ರ ಅನ್ನಿಸುತ್ತದಲ್ಲವೇ? ನೋವು ಹೋಗುತ್ತದೆ, ಆದರೆ ಆ ಚಲನೆ ಮತ್ತೆ ಬಾರದು. ಆದ್ದರಿಂದ “ತೆಗೆಯುತ್ತೀರೋ, ಬೆಸೆಯುತ್ತೀರೋ, ಯಾಕೆ?” ಎಂದು ಸಹಿ ಹಾಕುವ ಮೊದಲೇ ಕೇಳಿ. ಚಪ್ಪಟೆ ಪಾದವನ್ನೂ ಸರಿಮಾಡಬೇಕೇ ಎಂಬುದು ಬೇರೆಯದೇ ಪ್ರಶ್ನೆ, ಅದನ್ನೂ ಕೇಳಿ.

ಆಮೇಲಿನ ಕೆಲವು ವಾರ ಊರುಗೋಲು, ಮೆಟ್ಟಿಲಿನ ಮನೆಯಾದರೆ ನಿಮ್ಮ ಸೊಂಟಕ್ಕೂ ಕೆಲಸ. ಆಟಕ್ಕೆ ಮರಳಲು ತಿಂಗಳುಗಳೇ ಬೇಕು. ಅನೇಕರಿಗಿರುವಂತೆ ನಮ್ಮವಳಿಗೆ ಇನ್ನೊಂದು ಪಾದದಲ್ಲೂ ಇದೆ. ಅದು ನೋಯುತ್ತಿಲ್ಲ, ಹಾಗಾಗಿ ಅದನ್ನು ಯಾರೂ ಮುಟ್ಟಿಲ್ಲ.