ಕೇಳುವುದೂ ಸತ್ಕಾರವೇ

ಹಿಂಗಾರಿ ಬಿತ್ತನೆ ಮುಗಿಯುತ್ತ ಬರುವ ಹೊತ್ತಿಗೆ ನಮ್ಮ ಭಾಗದಲ್ಲಿ ಉತ್ಸವಗಳ ಕಾಲ ಆರಂಭವಾಗುತ್ತದೆ. ಅಕ್ಟೋಬರ್ 23ರಂದು ಕಿತ್ತೂರು ಉತ್ಸವ ತೊಡಗುತ್ತದೆ. ಜನವರಿಯಲ್ಲಿ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಉತ್ಸವ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆ. ಇವುಗಳ ನಡುವೆ ಬೈಲಹೊಂಗಲ, ರಾಮದುರ್ಗಗಳ ಕಾಲೇಜುಗಳಲ್ಲಿ ಗ್ಯಾದರಿಂಗು, ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬ, ಕ್ರಿಸ್ಮಸ್ ಕಾಲದ ಗಾಯನ ಕಾರ್ಯಕ್ರಮ. ಎಲ್ಲೆಡೆ ಒಂದು ವೇದಿಕೆ, ಅದರ ಇಕ್ಕೆಲಗಳಲ್ಲಿ ಆಳೆತ್ತರದ ಧ್ವನಿವರ್ಧಕ, ರಾತ್ರಿ ಊಟದ ಹೊತ್ತಿಗೆ ರಸಮಂಜರಿ. ಮೊದಲು ಹಾರ್ಮೋನಿಯಂ, ತಬಲಾ ಇದ್ದ ಜಾಗದಲ್ಲಿ ಈಗ ಗಿಟಾರ್, ಡ್ರಮ್ಸ್, ಕೀಬೋರ್ಡುಗಳು ಬಂದಿವೆ.

ಆ ವೇದಿಕೆಯ ಮೇಲೆ ನಡೆಯುವುದನ್ನು ಕುರಿತು ಬರೆಯುವವರು ಅನೇಕರಿದ್ದಾರೆ. ವೇದಿಕೆಯ ಮುಂದೆ ಕುಳಿತ ನಮ್ಮನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ವಾರದ ನಮ್ಮ ಉದ್ದೇಶ.

ಕಳೆದ ವರ್ಷ ಇಂಥದೊಂದು ಮೈದಾನದಲ್ಲಿ ನಾವು ಕಂಡ ಸಂಗತಿಯಿದು. ಊರಿನ ಹೆಸರು ಬೇಡ. ಅದು ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಊರಾದರೂ ಆಗಬಹುದಿತ್ತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸಂಜೆ ಆರಕ್ಕೇ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಹತ್ತನೆಯ ತರಗತಿಯಲ್ಲಿ ಓದುವ ಅವರ ಮೊಮ್ಮಗಳು ಅಂದು ಮೊದಲ ಬಾರಿಗೆ ದೊಡ್ಡ ವೇದಿಕೆಯಲ್ಲಿ ಒಂದು ಭಾವಗೀತೆ ಹಾಡುವವಳಿದ್ದಳು. ಅವಳ ತರುವಾಯ ಬೆಂಗಳೂರಿನಿಂದ ಬಂದ ಸಿನಿಮಾ ಗಾಯಕರ ಕಾರ್ಯಕ್ರಮವಿತ್ತು. ಹುಡುಗಿ ಮೊದಲ ಚರಣ ಮುಗಿಸುವ ಮುನ್ನವೇ ಹಿಂದಿನಿಂದ "ಸಾಕು, ಇಳೀಯವಾ" ಎಂಬ ಕೂಗು ಎದ್ದಿತು, ಸೀಟಿಗಳು ಕೇಳಿಬಂದವು. ಪರದೆಯ ಮರೆಯಲ್ಲಿ ನಿಂತಿದ್ದ ಪ್ರಸಿದ್ಧ ಗಾಯಕರ ಚಿತ್ರ ಹಿಡಿಯಲು ಐದಾರು ತರುಣರು ಅಜ್ಜಿಯ ಮುಂದಿನ ಕುರ್ಚಿಗಳ ಮೇಲೆ ಹತ್ತಿ ನಿಂತು ಮೊಬೈಲುಗಳನ್ನು ಎತ್ತಿದರು.

"ತಮ್ಮಾ, ಎರಡು ನಿಮಿಷ ಕೆಳಗ ಕುಂದ್ರಪಾ. ನನ್ನ ಮೊಮ್ಮಗಳು ಹಾಡಾಕತ್ತಾಳ," ಎಂದರು ಅಜ್ಜಿ.

"ಕಾಣಬೇಕಂದ್ರ ನೀವೂ ಕುರ್ಚಿ ಮ್ಯಾಲೆ ನಿಂದರ್ರಿ, ಅಜ್ಜಿ," ಎಂದನು ಒಬ್ಬ. ಸುತ್ತಲಿನವರು ನಕ್ಕರು.

ಹುಡುಗಿ ನೆಲ ನೋಡುತ್ತಲೇ ಹಾಡು ಮುಗಿಸಿ ಇಳಿದಳು. ಅಜ್ಜಿಗೆ ಅವಳ ಮುಖ ಕಾಣಲಿಲ್ಲ. ಆ ನಗುವನ್ನು ತಡೆಯಲು ಹಿಂದಿನ ಸಾಲಿನಲ್ಲಿದ್ದ ನಾವೂ ಬಾಯಿ ತೆರೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಹಾಗೆ ಮಾತನಾಡಿದ ತರುಣನು ಕೆಟ್ಟವನೇನಲ್ಲ. ಅವನ ಮನೆಯವರು ನಮಗೆ ಪರಿಚಿತರು. ಮನೆಗೆ ಯಾರೇ ಹಿರಿಯರು ಬಂದರೂ ಮೊದಲು ತಂಬಿಗೆಯಲ್ಲಿ ನೀರು ತಂದು ಕೊಡುವ ಹುಡುಗನವನು. ಮನೆಯ ಹೊಸ್ತಿಲಲ್ಲಿ ಅಷ್ಟು ವಿನಯದಿಂದ ನಡೆದುಕೊಳ್ಳುವ ಮಗನು ಮೈದಾನದಲ್ಲಿ ಹೀಗೇಕಾದನು? ಮನೆಗೆ ಬಂದವರು ಅತಿಥಿಗಳೆಂದು ನಾವು ಅವನಿಗೆ ಕಲಿಸಿದ್ದೇವೆ. ವೇದಿಕೆಯ ಮೇಲೆ ನಿಂತು ಹಾಡುವವರೂ ನಮ್ಮೂರಿನ ಅತಿಥಿಗಳು, ಅವರಿಗೆ ಕಿವಿಗೊಡುವುದೂ ಒಂದು ಸತ್ಕಾರ ಎಂಬುದನ್ನು ಕಲಿಸಲಿಲ್ಲ. ಇದೇ ನಮಗೆ ತೋಚಿದ ಉತ್ತರ.

ಹಾಗೆಂದು ಎಲ್ಲರೂ ಕೈಕಟ್ಟಿ ಮೌನವಾಗಿ ಕುಳಿತಿರಬೇಕೆಂಬುದು ನಮ್ಮ ವಾದವಲ್ಲ. ನಮ್ಮ ನಾಡಿನಲ್ಲಿ ಕೇಳುಗರು ಎಂದೂ ಮೂಕರಾಗಿರಲಿಲ್ಲ. ಬೈಲಹೊಂಗಲದ ಕತೆಯಾದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನಮ್ಮ ಹಿರಿಯರು ನಡುರಾತ್ರಿಯವರೆಗೆ ನಗುತ್ತ, ಅಳುತ್ತ, ಪಾತ್ರಧಾರಿಗೆ ಪ್ರತ್ಯುತ್ತರ ಕೊಡುತ್ತಲೇ ನೋಡಿದರು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಜನಿಸಿ, ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ, ಶತಾಯುಷಿಗಳಾಗಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರ ಕಾಲದ ಕಂಪನಿ ನಾಟಕಗಳಲ್ಲಿ ರಂಗಗೀತೆ ಮುಗಿಯುತ್ತಿದ್ದಂತೆ "ಒನ್ಸ್ ಮೋರ್" ಎಂಬ ಕೂಗು ಏಳುತ್ತಿತ್ತು. ನಟನು ಕತೆಯನ್ನು ನಿಲ್ಲಿಸಿ ಅದೇ ಹಾಡನ್ನು ಮತ್ತೆ ಹಾಡಬೇಕಾಗುತ್ತಿತ್ತು. ಆದರೆ ಗಮನಿಸಿರಿ: ಆ ಕೂಗು ಏಳುತ್ತಿದ್ದುದು ಹಾಡು ಮುಗಿದ ಮೇಲೆ. ಕೇಳಿದವನು ಮಾತ್ರವೇ "ಇನ್ನೊಮ್ಮೆ" ಎನ್ನಬಲ್ಲನು. ಬೆಳಗಾವಿಯ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರಂಥವರು ಹಾಡಿದ ಬೈಠಕ್ಕುಗಳ ರೀತಿ ಬೇರೆ. ಅಲ್ಲಿ ಬಲ್ಲವರು ತಾಳದ ಸಮ್ ಬಂದಾಗ ತಲೆದೂಗಿ "ವಾಹ್" ಎನ್ನುವರು, ಉಳಿದ ಹೊತ್ತು ಮೌನವಾಗಿರುವರು.

ರಾಕ್ ಸಂಗೀತಕ್ಕೂ ತನ್ನದೇ ಆದ ಪದ್ಧತಿಯಿದೆ. ಅಲ್ಲಿ ನಿಂತು ಕೇಳುವುದು, ಕುಣಿಯುವುದು, ಗಾಯಕನೊಡನೆ ದನಿಗೂಡಿಸುವುದು ಅಸಭ್ಯವಲ್ಲ. ಅದು ಆ ಸಂಗೀತದ ಸ್ವಭಾವವೇ ಆಗಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ಹಾಡಿದಾಗ ಸಾವಿರಾರು ತರುಣರು ಹಾಗೆಯೇ ಕೇಳಿದರು. ಬೆಂಗಳೂರು, ಪುಣೆಗಳಲ್ಲಿ ನೌಕರಿಗೆ ಸೇರಿದ ನಮ್ಮ ಮಕ್ಕಳೂ ಇಂಥ ಕಚೇರಿಗಳಿಗೆ ಹೋಗುತ್ತಾರೆ. ರಾಕ್ ಎಂದ ಮಾತ್ರಕ್ಕೆ ಅದು ಸೈತಾನನ ಸಂಗೀತವೆಂದು ಮುಖ ತಿರುಗಿಸುವ ಹಿರಿಯರೊಡನೆ ನಮಗೆ ಸಹಮತವಿಲ್ಲ.

ಆದುದರಿಂದ ಸದ್ದು ಮಾಡಬೇಕೇ, ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ನನ್ನ ಸಂತೋಷವು ಪಕ್ಕದವನ ಸಂತೋಷಕ್ಕೆ ಕೂಡುತ್ತದೆಯೇ, ಇಲ್ಲವೇ ಅದನ್ನು ಕಸಿದುಕೊಳ್ಳುತ್ತದೆಯೇ? ಈ ಒಂದು ಪ್ರಶ್ನೆ ಬೈಠಕ್ಕಿಗೂ ಸಲ್ಲುತ್ತದೆ, ರಾಕ್ ಕಚೇರಿಗೂ ಸಲ್ಲುತ್ತದೆ. ಎಲ್ಲರೂ ಕುಣಿಯುವಲ್ಲಿ ಕುಣಿದರೆ ಕೂಡಿದಂತೆ. ಎಲ್ಲರೂ ಕುಳಿತಲ್ಲಿ ಒಬ್ಬನೇ ಕುರ್ಚಿಯ ಮೇಲೆ ನಿಂತರೆ ಕಸಿದುಕೊಂಡಂತೆ.

ಈ ಅಳತೆಗೋಲಿನಿಂದ ನಮ್ಮ ಮೈದಾನಗಳನ್ನು ಅಳೆದು ನೋಡೋಣ. ಒಂದು ಹಾಡಿನ ಆದಿಯಿಂದ ಅಂತ್ಯದವರೆಗೆ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿಯುವವನು ಹಿಂದಿನ ಹತ್ತು ಜನರ ಕಣ್ಣಿಗೆ ಅಡ್ಡವಾಗುತ್ತಾನೆ; ತಾನೂ ಕಿರುಪರದೆಯನ್ನೇ ನೋಡುತ್ತಾನಲ್ಲದೆ ಗಾಯಕರನ್ನು ನೋಡುವುದಿಲ್ಲ. ಹಾಡಿನ ನಡುವೆ ಕರೆ ಬಂದರೆ "ನಾ ಇಲ್ಲೇ ಕಾರ್ಯಕ್ರಮದಾಗ ಅದೀನಿ" ಎಂದು ನಾಲ್ಕು ಸಾಲಿಗೆ ಕೇಳುವಂತೆ ಕೂಗುವವರಿದ್ದಾರೆ. ಗಾಯಕಿಯೊಬ್ಬರು ವಚನವನ್ನೋ ಭಕ್ತಿಗೀತೆಯನ್ನೋ ಎತ್ತಿಕೊಂಡಾಗ ಸಿನಿಮಾ ಹಾಡಿನ ಹೆಸರು ಹೇಳಿ ಅಬ್ಬರಿಸುವವರಿದ್ದಾರೆ. ಕುಡಿದು ಬಂದು ನೂಕಾಡುವವರ ಮತ್ತು ಹೆಣ್ಣುಮಕ್ಕಳು ಕುಳಿತ ಕಡೆಗೆ ತಿರುಗಿ ಸೀಟಿ ಹೊಡೆಯುವವರ ಮಾತಂತೂ ಬೇರೆಯೇ; ಅದು ಶಿಷ್ಟಾಚಾರದ ಕೊರತೆ ಮಾತ್ರವಲ್ಲ, ಅಪರಾಧ. ಇಂಥವರ ದೆಸೆಯಿಂದ ಎಷ್ಟೋ ತಾಯಂದಿರು ಒಂಬತ್ತು ಗಂಟೆಗೇ ಮಕ್ಕಳನ್ನು ಎಬ್ಬಿಸಿಕೊಂಡು ಮನೆಗೆ ಹೊರಡುತ್ತಾರೆ. ಸಾರ್ವಜನಿಕರ ಹಣದಿಂದ ನಡೆಯುವ ಉತ್ಸವವು ಹೀಗೆ ಅರ್ಧ ಊರಿಗೆ ಎರವಾಗುತ್ತದೆ.

ತರುಣರನ್ನು ಮಾತ್ರ ದೂರುವುದು ನ್ಯಾಯವಲ್ಲ. ಮುಂದಿನ ಸಾಲಿನ ಸೋಫಾಗಳನ್ನು ಗಣ್ಯರಿಗೆಂದು ಕಾಯ್ದಿರಿಸುತ್ತೇವೆ. ಗಣ್ಯರು ಒಂದೂವರೆ ತಾಸು ತಡವಾಗಿ, ಹಾಡಿನ ನಡುವೆಯೇ ಹತ್ತಾರು ಹಿಂಬಾಲಕರೊಡನೆ ಬರುತ್ತಾರೆ. ಹಾಡು ನಿಲ್ಲುತ್ತದೆ. ಶಾಲು, ಹಾರ, ಭಾಷಣಗಳಾಗುತ್ತವೆ. ಬಳಿಕ ಅವರು ಎದ್ದು ಹೋಗುತ್ತಾರೆ. ಸೋಫಾಗಳು ಮತ್ತೆ ಬರಿದಾಗುತ್ತವೆ. ಕಲಾವಿದರ ಹೊತ್ತಿಗೆ ಬೆಲೆಯಿಲ್ಲವೆಂಬ ಪಾಠವನ್ನು ಮುಂದಿನ ಸಾಲು ಹೀಗೆ ಕಲಿಸಿದ ಮೇಲೆ ಹಿಂದಿನ ಸಾಲಿನವರು ಬೇರೇನು ಕಲಿತಾರು?

ಇದು ಕೇವಲ ಕಿರಿಕಿರಿಯ ಮಾತಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ನೂಕುನುಗ್ಗಲು ಪ್ರಾಣವನ್ನೂ ತೆಗೆಯುತ್ತದೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ 2000ದ ಜೂನ್ 30ರಂದು ಪರ್ಲ್ ಜ್ಯಾಮ್ ತಂಡ ಹಾಡುತ್ತಿದ್ದಾಗ ವೇದಿಕೆಯತ್ತ ಒತ್ತಿಬಂದ ಜನರ ನಡುವೆ ಸಿಕ್ಕು 9 ಮಂದಿ ಸತ್ತರು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 2021ರ ನವೆಂಬರ್ 5ರಂದು ನಡೆದ ಕಚೇರಿಯಲ್ಲಿ ಹೀಗೆಯೇ 10 ಮಂದಿ ಬಲಿಯಾದರು. ಅವರಲ್ಲಿ ಅತ್ಯಂತ ಕಿರಿಯನು 9 ವರ್ಷದ ಬಾಲಕ. ದೂರದ ಮಾತು ಬೇಡವೆಂದರೆ ನೆರೆಯ ಕೇರಳವನ್ನು ನೋಡಿರಿ. ಕೊಚ್ಚಿಯ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ 2023ರ ನವೆಂಬರ್ 25ರಂದು ಗಾಯನ ಆರಂಭವಾಗುವುದರಲ್ಲಿತ್ತು. ಮಳೆ ಬಂದುದರಿಂದ ಹೊರಗಿದ್ದವರು ಒಳನುಗ್ಗಿದರು. ಮೆಟ್ಟಿಲುಗಳ ಮೇಲೆ ಬಿದ್ದು, ತುಳಿತಕ್ಕೆ ಸಿಕ್ಕು 4 ಜನ ಪ್ರಾಣ ಕಳೆದುಕೊಂಡರು. ಇಂಥ ಕಡೆಗಳಲ್ಲಿ ಯಾರೂ ಯಾರನ್ನೂ ಕೊಲ್ಲಬೇಕೆಂದು ಬಂದಿರುವುದಿಲ್ಲ. ಹಿಂದಿದ್ದವನು ಒಂದು ಹೆಜ್ಜೆ ಮುಂದೊತ್ತುತ್ತಾನೆ. ಅವನಿಗೆ ಮುಂದಿನವನ ಉಸಿರು ಕಟ್ಟಿದ್ದು ಕಾಣುವುದಿಲ್ಲ.

ಜನಸಮೂಹ ಹೇಗೆ ಬೇಕಾದರೂ ನಡೆದುಕೊಳ್ಳಬಹುದು ಎಂಬುದಕ್ಕೆ 2011ರ ಅಕ್ಟೋಬರ್ ಸಾಕ್ಷಿಯಾಗಿದೆ. ಮೆಟಾಲಿಕಾ ತಂಡವು ಆ ತಿಂಗಳ 28ರಂದು ದೆಹಲಿಯ ಸಮೀಪದ ಗುರುಗಾಂವದಲ್ಲಿ ಹಾಡಬೇಕಾಗಿತ್ತು. ಸುರಕ್ಷತೆಯ ಕಾರಣದಿಂದ ಕಚೇರಿ ನಡೆಯುವುದಿಲ್ಲವೆಂದು ತಡವಾಗಿ ಸಾರಿದಾಗ ಕಾದು ಬೇಸತ್ತವರು ವೇದಿಕೆಗೆ ನುಗ್ಗಿ ಉಪಕರಣಗಳನ್ನು ಒಡೆದರು. ಎರಡು ದಿನಗಳ ತರುವಾಯ ಅದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಕಚೇರಿ ಸಾಂಗವಾಗಿ ನಡೆಯಿತು. ಸಂಗೀತ ಒಂದೇ, ಶ್ರೋತೃಗಳ ವಯಸ್ಸೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ದೋಷವನ್ನು ಸಂಗೀತದ ಮೇಲೆ ಹೊರಿಸುವಂತಿಲ್ಲ. ವ್ಯವಸ್ಥಾಪಕರು ಸಕಾಲದಲ್ಲಿ ನಿಜ ಹೇಳುವುದು, ಜನರು ತಾಳ್ಮೆಗೆಡದಿರುವುದು ಎರಡೂ ಬೇಕು.

ಮೈದಾನದ ಹೊರಗಿರುವ ನೆರೆಯವರನ್ನೂ ಮರೆಯಬಾರದು. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ನೀಡಬಹುದು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತ ಕಚೇರಿಗಳ ಸರಾಸರಿ ಧ್ವನಿ 100 ಡೆಸಿಬಲ್ ಮೀರಬಾರದೆಂದು ಸೂಚಿಸಿತು. ಚೆನ್ನಾಗಿ ಕಾಣಲಿ ಎಂದು ಎಳೆಯ ಮಕ್ಕಳನ್ನು ಧ್ವನಿವರ್ಧಕದ ಬುಡದಲ್ಲಿ ಕೂರಿಸುವ ತಂದೆತಾಯಿಗಳು ಇದನ್ನು ಮನಗಾಣಬೇಕು.

ಇನ್ನು ನಮ್ಮದೇ ಅಂಗಳದ ಮಾತು. ಕೇಳುವ ಶಿಸ್ತು ನಮಗೆ ಹೊಸದೇನಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ಸಂವಿಧಾನದಲ್ಲಿ ಜನರ ಸಕ್ರಿಯ ಪಾಲ್ಗೊಳ್ಳುವಿಕೆಗೆ ಹಾಡುವುದು, ಉತ್ತರಿಸುವುದು ಹೇಗೋ ಹಾಗೆಯೇ ತಕ್ಕ ಸಮಯದಲ್ಲಿ ಮೌನವಾಗಿರುವುದೂ ಸೇರಿದೆ. ದೇವಾಲಯಗಳಲ್ಲಿ ನಡೆಯುವ ಸಂಗೀತ ಕಚೇರಿಗಳನ್ನು ಕುರಿತು ರೋಮಿನ ದೈವಾರಾಧನಾ ಮಂಡಳಿಯು 1987ರ ನವೆಂಬರ್ 5ರಂದು ಕಳುಹಿಸಿದ ಪತ್ರದಲ್ಲಿ ಹಾಡುವವರ ಜೊತೆಗೆ ಕೇಳುವವರ ಉಡುಪು, ನಡವಳಿಕೆಗಳೂ ಆ ಸ್ಥಳಕ್ಕೆ ಒಪ್ಪುವಂತಿರಬೇಕೆಂದು ತಿಳಿಸಲಾಗಿದೆ. ಹೀಗಿದ್ದೂ ನಮ್ಮ ಕ್ರಿಸ್ಮಸ್ ಗಾಯನದ ಸಂಜೆಗಳಲ್ಲಿ ಏನಾಗುತ್ತದೆ? ತಮ್ಮ ಮಗುವಿನ ತಂಡ ಹಾಡುವವರೆಗೆ ನಿಂತು ಚಿತ್ರೀಕರಿಸುತ್ತೇವೆ. ಅದು ಮುಗಿಯುತ್ತಲೇ ಮಗುವಿನ ಕೈ ಹಿಡಿದು ಎದ್ದು ಹೋಗುತ್ತೇವೆ. ಕೊನೆಯ ತಂಡದ ಮಕ್ಕಳು ಬರಿದಾದ ಬೆಂಚುಗಳಿಗೆ ಹಾಡುತ್ತಾರೆ. ಕುರ್ಚಿ ಹತ್ತಿದ ತರುಣನಿಗೂ ನಮಗೂ ಇಲ್ಲಿ ಬಹಳ ಅಂತರವೇನೂ ಉಳಿಯುವುದಿಲ್ಲ.

ಆದುದರಿಂದ ಪ್ರಿಯ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ. ಉತ್ಸವಕ್ಕೆ ಹೊರಡುವ ಮುನ್ನ, ರಾತ್ರಿ ಊಟಕ್ಕೆ ಕುಳಿತಾಗ, ಮಕ್ಕಳೊಡನೆ ಈ ಮಾತನ್ನು ಎತ್ತಿರಿ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಜೇಬಿಗಿಡಲಿ. ಹಾಡು ಹಿಡಿಸದಿದ್ದರೆ ಕೂಗದೆ ಎರಡು ಹಾಡುಗಳ ನಡುವೆ ಎದ್ದು ಹೋಗಲಿ. ಜನರು ಒತ್ತತೊಡಗಿದರೆ ವೇದಿಕೆಯ ಆಸೆ ಬಿಟ್ಟು ಹಿಂದೆ ಸರಿಯಲಿ, ಪಕ್ಕದಲ್ಲಿ ಬಿದ್ದವರನ್ನು ಎತ್ತಲಿ. ನಮ್ಮ ಊರಿನ ಹುಡುಗಿ ಹಾಡುವಾಗ ಹೊರಗಿನಿಂದ ಬಂದವರಿಗೆ ಕೊಡುವಷ್ಟೇ ಚಪ್ಪಾಳೆ ಕೊಡಲಿ. ಹಿರಿಯರಾದ ನಾವು ಹೊತ್ತಿಗೆ ಸರಿಯಾಗಿ ಹೋಗೋಣ, ಕೊನೆಯವರೆಗೆ ಕೂಡೋಣ, ಯಾರಾದರೂ ಮುದುಕಿಯನ್ನು ನೋಡಿ ನಕ್ಕರೆ ಸುಮ್ಮನಿರದೆ "ಬ್ಯಾಡಪ್ಪಾ, ತಪ್ಪು" ಎಂದು ಮೆಲ್ಲಗೆ ಹೇಳೋಣ.

ಆ ಹುಡುಗಿಯು ಈಗಲೂ ಹಾಡುವುದನ್ನು ಬಿಟ್ಟಿಲ್ಲವೆಂದು ಅವಳ ಅಜ್ಜಿಯಿಂದ ತಿಳಿದು ಸಮಾಧಾನವಾಯಿತು. ಆದರೆ ಮನೆಯ ಪಡಸಾಲೆಯಲ್ಲಿ ಮಾತ್ರ ಹಾಡುತ್ತಾಳಂತೆ. ವೇದಿಕೆಗೆ ಕರೆದರೆ ಒಲ್ಲೆನೆನ್ನುತ್ತಾಳಂತೆ. ಅವಳನ್ನು ಮತ್ತೆ ವೇದಿಕೆಗೆ ಕರೆತರುವುದು ವ್ಯವಸ್ಥಾಪಕರಿಂದ ಆಗುವ ಕೆಲಸವಲ್ಲ. ಅದು ಕೆಳಗೆ ಕುಳಿತಿರುವ ನಮ್ಮ ಕೆಲಸ.