ಕಾಡನ್ನು ಬರೆಯುವ ಮುನ್ನ

ಚಿತ್ರ ಬರೆಯಿರೆಂದೊಡನೆ ನಮ್ಮ ಮಕ್ಕಳ ಕುಂಚದಿಂದ ಎರಡು ಗುಡ್ಡ, ನಡುವೆ ಸೂರ್ಯ, ಹೊಳೆಯ ದಡದಲ್ಲೊಂದು ತೆಂಗಿನಮರ ಮೂಡುತ್ತವೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಉಪಾಧ್ಯಾಯನಾಗಿದ್ದ ನಾನು ಈ ಒಂದೇ ಚಿತ್ರವನ್ನು ಎಷ್ಟು ಸಲ ಕಂಡೆನೋ ಲೆಕ್ಕವಿಲ್ಲ. ದಾವಣಗೆರೆಯ ಬಯಲಿನಲ್ಲಿ ಬೆಳೆದ ಬಾಲಕನು ತಾನು ಕಾಣದ ಗುಡ್ಡವನ್ನು ಬರೆಯುತ್ತಾನೆ. ತರಗತಿಯ ಕಿಟಕಿಯಾಚೆ ನಿಂತ ಬೇವಿನಮರವನ್ನು ಬರೆಯುವುದಿಲ್ಲ. ದೋಷವಿರುವುದು ಕೈಯಲ್ಲಲ್ಲ, ಕಣ್ಣಿನಲ್ಲಿ.

ಒಂದು ಭಾನುವಾರ ಕೆಲವು ಮಕ್ಕಳೊಡನೆ ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕಾಡಿಗೆ ಹೋಗಿದ್ದೆ. ಬಾಲಕಿಯೊಬ್ಬಳು ಕುಳಿತೊಡನೆಯೇ ಹಸಿರು ಬಣ್ಣವನ್ನು ಕಲಸತೊಡಗಿದಳು. "ಅರ್ಧ ಗಂಟೆ ಸುಮ್ಮನೆ ನೋಡಮ್ಮ, ಆಮೇಲೆ ಬರೆ" ಎಂದೆ. ಸ್ವಲ್ಪ ಹೊತ್ತಿನ ಬಳಿಕ ಅವಳು, "ಮೇಷ್ಟ್ರೇ, ಇಲ್ಲಿ ಹಸಿರು ಒಂದೇ ಥರ ಇಲ್ಲ" ಎಂದಳು. ಬೇವಿನ ಚಿಗುರಿನಲ್ಲಿ ತಾಮ್ರದ ಛಾಯೆಯಿತ್ತು. ಜಾಲಿಯ ಎಲೆ ಬೂದುಗೂಡಿತ್ತು. ದೂರದ ಮರಗಳು ನಡುವಿನ ಗಾಳಿ ಚದುರಿಸಿದ ಬೆಳಕಿನಿಂದ ನೀಲಿಯಾಗಿ ತೋರುತ್ತಿದ್ದವು.

ಜಲವರ್ಣವು ಇಂಥ ನೋಟವನ್ನೇ ಬೇಡುತ್ತದೆ. ಇದರಲ್ಲಿ ಹಾಳೆಯ ಬಿಳುಪೇ ಬೆಳಕು. ಎಲೆಗಳ ನಡುವೆ ತೂರುವ ಬಿಸಿಲಿಗೆ ಮೊದಲೇ ಜಾಗ ಬಿಡಬೇಕು. ಒಮ್ಮೆ ಗಾಢವರ್ಣ ಹರಡಿದರೆ ಆ ಬಿಳುಪು ಮರಳಿ ದೊರೆಯುವುದು ಕಷ್ಟ. ದೂರದ ಮರಗಳನ್ನು ಒದ್ದೆಯ ಹಾಳೆಯ ಮೇಲೆ ತಿಳಿಯಾಗಿ, ಹತ್ತಿರದವನ್ನು ಹಾಳೆ ಒಣಗಿದ ಮೇಲೆ ಗಾಢವಾಗಿ ಬರೆಯಬೇಕು. ಅವಸರಪಟ್ಟರೆ ಕಾಡೆಲ್ಲ ಕೆಸರಾಗುತ್ತದೆ.

ಕ್ಯಾಮೆರಾ ಇರುವಾಗ ಈ ಶ್ರಮವೇಕೆ ಎನ್ನುವವರುಂಟು. ಕ್ಯಾಮೆರಾ ಕ್ಷಣದಲ್ಲಿ ಚಿತ್ರ ತೆಗೆಯುತ್ತದೆ, ನಿಜ. ಆದರೆ ತೆಗೆದವನು ಮರವನ್ನು ನೋಡಿರಲೇಬೇಕೆಂದಿಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ಕಲಾವಿದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮತ್ತೆ ಮತ್ತೆ ಚಿತ್ರಿಸಿದರು. ನಮ್ಮ ದಾವಣಗೆರೆಯಲ್ಲಿಯೂ 1964ರಷ್ಟು ಹಿಂದೆಯೇ ಚಿತ್ರಕಲಾ ಶಾಲೆ ಆರಂಭವಾಯಿತು. ಹೀಗಿದ್ದೂ ಅನೇಕ ಶಾಲೆಗಳಲ್ಲಿ ಪರೀಕ್ಷೆ ಸಮೀಪಿಸಿದೊಡನೆ ಮೊದಲು ಕಾಣೆಯಾಗುವುದು ಚಿತ್ರಕಲೆಯ ಅವಧಿಯೇ.

ಇದರಿಂದಾಗುವ ನಷ್ಟ ಸಣ್ಣದಲ್ಲ. ನಮ್ಮ ಬೀದಿಯ ಹಳೆಯ ಹುಣಸೆಮರವನ್ನು ರಸ್ತೆಗಾಗಿ ಕಡಿದ ಕೆಲವೇ ದಿನಗಳಲ್ಲಿ, ಅಲ್ಲಿದ್ದುದು ಯಾವ ಮರವೆಂದು ಕೇಳಿದರೆ ಹಲವರು ತಡವರಿಸಿದರು. ದಿನವೂ ಅದರ ನೆರಳಿನಲ್ಲಿ ನಡೆದವರೇ ಅವರು! ಕಣ್ತುಂಬ ನೋಡದ ಮರ ಉರುಳಿದರೆ ಯಾರಿಗೆ ನೋವಾದೀತು?

ಆದುದರಿಂದ ವಾರಕ್ಕೊಂದು ಅವಧಿಯನ್ನಾದರೂ ಮಕ್ಕಳು ಮರದಡಿಯಲ್ಲಿ ಬಣ್ಣಗಳೊಡನೆ ಕಳೆಯಲಿ. ಎಲ್ಲರೂ ಕಲಾವಿದರಾಗಬೇಕಿಲ್ಲ. ತಮ್ಮ ಊರಿನ ಮರಗಳ ಗುರುತು ಅವರಿಗಿದ್ದರೆ ಸಾಕು. ಕೊಡಲಿ ಬಂದ ದಿನ ಮಾತನಾಡಲು ಅವರಿಗೆ ಕಾರಣವಿರುತ್ತದೆ.