ಪಶುವೈದ್ಯಕೀಯ: ಪದವಿಯ ನಂತರ ಯಾವ ದಾರಿ?

ಎಂ.ಬಿ.ಬಿ.ಎಸ್. ಸೀಟು ಕೈತಪ್ಪಿದಾಗ ‘ಸದ್ಯಕ್ಕೆ ಇದಾದರೂ ಇರಲಿ’ ಎಂದು ಮಕ್ಕಳನ್ನು ಪಶುವೈದ್ಯಕೀಯಕ್ಕೆ ಸೇರಿಸುವ ಪೋಷಕರಿದ್ದಾರೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಈ ಪದವಿ ಮುಗಿಸಿದರೆ ಸರ್ಕಾರಿ ಪಶು ಆಸ್ಪತ್ರೆಯೊಂದೇ ಗತಿ ಎಂಬುದು ಅವರ ಎಣಿಕೆ. ಆದರೆ ಎರಡು ವರ್ಷದ ಎಂ.ವಿ.ಎಸ್ಸಿ.ಯಲ್ಲಿ ಹತ್ತಾರು ವಿಷಯಗಳಿವೆ. ಒಂದೊಂದೂ ಬೇರೆ ಬೇರೆ ಸ್ವಭಾವವನ್ನು ಬೇಡುತ್ತದೆ.

ಕೊಟ್ಟಿಗೆಯಲ್ಲಿ

ಹಸುವಿನ ಒಂದು ಬೆದೆ ತಪ್ಪಿದರೆ ರೈತ ಮತ್ತೆ ಸುಮಾರು 21 ದಿನ ಕಾಯಬೇಕು. ಗಬ್ಬ ನಿಲ್ಲದ ಹಸುವೆಂದರೆ ಹಾಲಿಲ್ಲ, ಮೇವಿನ ಖರ್ಚು ಮಾತ್ರ. ಆದ್ದರಿಂದ ಹೈನುಗಾರಿಕೆ ಇರುವಲ್ಲೆಲ್ಲ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರಿಗೆ ಕೆಲಸವಿದೆ. ಕರು ಅಡ್ಡ ಸಿಕ್ಕಿಕೊಂಡರೆ ನಡುರಾತ್ರಿಯಲ್ಲೂ ಹೊರಡಬೇಕು. ಕೈಚಳಕ ಉಳ್ಳವರಿಗೆ ಶಸ್ತ್ರಚಿಕಿತ್ಸಾ ವಿಭಾಗ ಒಪ್ಪುತ್ತದೆ. ನಾಯಿಯ ಮುರಿದ ಮೂಳೆ ಕೂಡಿಸುವುದರಿಂದ ಹಿಡಿದು ಹಸುವಿನ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಯುವವರೆಗೆ ಇದರ ವ್ಯಾಪ್ತಿ.

ಪ್ರಯೋಗಾಲಯದಲ್ಲಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಉಣ್ಣೆಗಳಿಂದ ಹರಡುವ ವೈರಸ್ ಇದಕ್ಕೆ ಕಾರಣವೆಂದು ಗೊತ್ತಾಯಿತು. ಮಂಗನ ಕಾಯಿಲೆ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಹುಚ್ಚುನಾಯಿ ರೋಗ, ಬ್ರೂಸೆಲ್ಲಾ ಕೂಡ ಪ್ರಾಣಿಯಿಂದಲೇ ಮನುಷ್ಯನಿಗೆ ಬರುವಂಥವು. ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯ ಓದಿದವರು ರೋಗಪತ್ತೆ, ಲಸಿಕೆ ತಯಾರಿಕೆ, ಹಾಲು–ಮಾಂಸದ ಗುಣಮಟ್ಟ ಪರೀಕ್ಷೆಯಲ್ಲಿ ತೊಡಗಬಹುದು. ಇಲ್ಲಿ ತಾಳ್ಮೆಯೇ ಬಂಡವಾಳ.

ಉದ್ಯಮದಲ್ಲಿ

ಕೋಳಿ ಸಾಕಣೆ, ಪಶು ಆಹಾರ, ತಳಿ ಅಭಿವೃದ್ಧಿ ಕ್ಷೇತ್ರಗಳಲ್ಲಿ ಒಂದು ಪ್ರಾಣಿಯ ಚಿಕಿತ್ಸೆಗಿಂತ ಇಡೀ ಹಿಂಡಿನ ಲೆಕ್ಕ ಮುಖ್ಯ. ವನ್ಯಜೀವಿ ವಿಭಾಗದ ಆಕರ್ಷಣೆ ಹಲವರಿಗಿದೆ; ಹುದ್ದೆಗಳು ಮಾತ್ರ ಕಡಿಮೆ. ಅದೊಂದನ್ನೇ ನಂಬಿ ಕೂರುವುದು ಬೇಡ.

ಸೇರುವ ಬಗೆ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ರಾಜ್ಯದ ಸೀಟುಗಳಿಗೆ ಸಿ.ಇ.ಟಿ., ಶೇ. 15ರ ಅಖಿಲ ಭಾರತ ಕೋಟಾಕ್ಕೆ ನೀಟ್. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮೊದಲಾದೆಡೆ ಕಾಲೇಜುಗಳಿವೆ.

ವಿದ್ಯಾರ್ಥಿಗಳೇ, ಸೇರುವ ಮುನ್ನವೇ ತಜ್ಞತೆಯನ್ನು ನಿರ್ಧರಿಸಬೇಕಿಲ್ಲ. ಇಂಟರ್ನ್‌ಶಿಪ್ಪಿನ ಒಂದು ವರ್ಷ ಎಲ್ಲ ಬಗೆಯ ಕೆಲಸವನ್ನೂ ಕೈಯಾರೆ ಮಾಡಿ ನೋಡಿ. ಆಯ್ಕೆ ಆಗ ಸುಲಭ. ಆದರೆ ಸೆಗಣಿ, ರಕ್ತ, ಹೊತ್ತಲ್ಲದ ಹೊತ್ತಿನ ಕರೆ ಇವುಗಳಿಗೆ ಹೇಸುವವರು ಸೇರುವ ಮೊದಲೇ ಯೋಚಿಸಲಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಎರಡು ದಿನ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಪೋಷಕರೂ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.